ಗ್ರೂಪ್ ಹಂತದ ಲೆಕ್ಕ ನೀವೇ ಹಾಕಿ: ಯಾರು ಮುಂದೆ, ಯಾರು ಮನೆಗೆ

ದೊಡ್ಡ ಫುಟ್‌ಬಾಲ್ ಟೂರ್ನಿ ಯಾವುದೇ ಇರಲಿ, ಗ್ರೂಪ್ ಹಂತದ (ನಾಲ್ಕು ತಂಡಗಳ ಗುಂಪಿನಲ್ಲಿ ಎಲ್ಲರೂ ಎಲ್ಲರ ವಿರುದ್ಧ ಆಡುವ ಹಂತ) ಕೊನೆಯ ಸುತ್ತು ಬಂತೆಂದರೆ ಅದೇ ಗೊಂದಲ. 'ಡ್ರಾ ಆದರೂ ಸಾಕು' ಅಂದುಕೊಂಡ ತಂಡ ಹೊರಬೀಳುತ್ತದೆ. ಗೋಲು ಅಂತರ (ಹೊಡೆದ ಗೋಲಿನಿಂದ ಬಿಟ್ಟುಕೊಟ್ಟ ಗೋಲು ಕಳೆದರೆ ಉಳಿಯುವುದು) ಚೆನ್ನಾಗಿರುವ ತಂಡ ಟೇಬಲ್‌ನಲ್ಲಿ ಕೆಳಗೆ ಕೂತಿರುತ್ತದೆ. ಲೆಕ್ಕವೇನೂ ಕಷ್ಟದ್ದಲ್ಲ, ಕೂಡುವುದು ಕಳೆಯುವುದು ಅಷ್ಟೇ. ಜನ ತಪ್ಪುವುದು ಕ್ರಮದಲ್ಲಿ. ಯಾವುದನ್ನು ಮೊದಲು ನೋಡಬೇಕು, ಯಾವುದನ್ನು ಆಮೇಲೆ ನೋಡಬೇಕು ಅನ್ನುವುದು ಹಿಂದುಮುಂದಾದರೆ ಉತ್ತರವೇ ಬದಲಾಗುತ್ತದೆ.

ಉದಾಹರಣೆಗೆ ಒಂದೇ ಗುಂಪನ್ನು ಕೊನೆಯವರೆಗೂ ಹಿಡಿದುಕೊಳ್ಳೋಣ: 2019ರ ಏಷ್ಯನ್ ಕಪ್‌ನ 'ಎ' ಗುಂಪು. ಯುಎಇ, ಭಾರತ, ಥಾಯ್ಲೆಂಡ್, ಬಹ್ರೇನ್. ಈ ಲೆಕ್ಕದಲ್ಲಿ ಎಡವುವ ಜಾಗಗಳು ಹೆಚ್ಚುಕಡಿಮೆ ಎಲ್ಲವೂ ಈ ಒಂದು ಗುಂಪಿನಲ್ಲೇ ಸಿಗುತ್ತವೆ. ಉಳಿದವಕ್ಕೆ ಬೇರೆ ಟೂರ್ನಿಗಳಿಗೆ ಹೋಗೋಣ.

ಏನೇನು ಬೇಕು

ಒಂದು ಹಾಳೆ, ಪೆನ್ಸಿಲ್, ರಬ್ಬರ್. ಪೆನ್ ಬೇಡ, ಕೊನೆಯ ದಿನ ಬರೆದದ್ದನ್ನು ಮತ್ತೆ ಮತ್ತೆ ಅಳಿಸಬೇಕಾಗುತ್ತದೆ. ಗುಂಪಿನ ಆರೂ ಪಂದ್ಯಗಳ ಪಟ್ಟಿ ಇರಲಿ. ಎಲ್ಲಕ್ಕಿಂತ ಮುಖ್ಯವಾಗಿ ಆ ಟೂರ್ನಿಯ ನಿಯಮಾವಳಿ ಬೇಕು. ವಿಶ್ವ ಫುಟ್‌ಬಾಲ್ ಸಂಸ್ಥೆ ಫಿಫಾ, ಯುರೋಪಿನ ಯುಇಎಫ್‌ಎ, ಏಷ್ಯಾದ ಎಎಫ್‌ಸಿ ಎಲ್ಲವೂ ಇದನ್ನು ಪ್ರಕಟಿಸುತ್ತವೆ. ಇಡೀ ಪುಸ್ತಕ ಓದಬೇಕಿಲ್ಲ. ಅಂಕ ಸಮವಾದರೆ ಏನು ಮಾಡಬೇಕು ಎಂದು ಹೇಳುವ ಭಾಗವೊಂದು ಸಾಕು.

ಸ್ಪ್ರೆಡ್‌ಶೀಟ್ ಬಳಸುವವರಿಗೆ ಒಂದು ಎಚ್ಚರಿಕೆ. ಅಂಕ, ಗೋಲು ಅಂತರ, ಹೊಡೆದ ಗೋಲು ಎಂದು ಮೂರು ಕಾಲಂ ಇಟ್ಟು ವಿಂಗಡಿಸಿದರೆ ಕೆಲವು ಟೂರ್ನಿಗಳಿಗೆ ಸರಿಹೋಗುತ್ತದೆ. ಉಳಿದವುಗಳಲ್ಲಿ ತಪ್ಪು ಉತ್ತರ ಬರುತ್ತದೆ, ಅದೂ ಯಾವ ಸೂಚನೆಯನ್ನೂ ಕೊಡದೆ. ಅದಕ್ಕೇ ಮೊದಲು ಕೈಯಲ್ಲಿ ಹಾಕಿ ಕಲಿಯಿರಿ.

ಹಂತ 1: ನಿಯಮದ ಕ್ರಮವನ್ನು ಹಾಳೆಯ ಮೇಲ್ಭಾಗದಲ್ಲಿ ಬರೆಯಿರಿ

ಗೆದ್ದರೆ 3, ಡ್ರಾ ಆದರೆ 1, ಸೋತರೆ 0. ಇದು ಎಲ್ಲ ಕಡೆ ಒಂದೇ. ಎರಡು ತಂಡಗಳ ಅಂಕ ಸಮವಾದಾಗ ಮಾತ್ರ ದಾರಿ ಎರಡಾಗುತ್ತದೆ.

ಒಂದು ದಾರಿಯಲ್ಲಿ ಗೋಲು ಅಂತರ ಮೊದಲು. ಗುಂಪಿನ ಎಲ್ಲ ಪಂದ್ಯಗಳ ಗೋಲು ಅಂತರ, ಆಮೇಲೆ ಹೊಡೆದ ಒಟ್ಟು ಗೋಲು, ಅದೂ ಸಮವಾದರೆ ಆ ತಂಡಗಳು ಪರಸ್ಪರ ಆಡಿದ ಪಂದ್ಯ. 2018 ಮತ್ತು 2022ರ ವಿಶ್ವಕಪ್ ನಡೆದದ್ದು ಹೀಗೆ.

ಇನ್ನೊಂದು ದಾರಿಯಲ್ಲಿ ಮುಖಾಮುಖಿ ಮೊದಲು. ಸಮ ಅಂಕದ ತಂಡಗಳು ತಮ್ಮತಮ್ಮಲ್ಲಿ ಆಡಿದ ಪಂದ್ಯದ ಅಂಕ, ಅದರ ಗೋಲು ಅಂತರ, ಅದರ ಗೋಲು. ಇಷ್ಟಾದ ಮೇಲೂ ಸಮ ಇದ್ದರೆ ಮಾತ್ರ ಒಟ್ಟು ಗೋಲು ಅಂತರ. ಯೂರೋ (ಯುರೋಪಿನ ದೇಶಗಳ ಟೂರ್ನಿ) ಮತ್ತು ಏಷ್ಯನ್ ಕಪ್ ಈ ದಾರಿಯವು. 2026ರ ವಿಶ್ವಕಪ್‌ಗೆ ಫಿಫಾ ಕೂಡ ಮುಖಾಮುಖಿಯನ್ನೇ ಮೊದಲಿಗೆ ತಂದಿದೆ. ಹಾಗಾಗಿ ಹಳೆಯ ವಿಶ್ವಕಪ್‌ಗಳ ನೆನಪಿನಲ್ಲಿ ಲೆಕ್ಕ ಹಾಕಬೇಡಿ.

ವ್ಯತ್ಯಾಸ ಎಷ್ಟು ದೊಡ್ಡದು ಗೊತ್ತಾ? ನಮ್ಮ 'ಎ' ಗುಂಪಿನಲ್ಲಿ ಕೊನೆಗೆ ಥಾಯ್ಲೆಂಡ್ ಮತ್ತು ಬಹ್ರೇನ್ ಎರಡಕ್ಕೂ 4 ಅಂಕ. ಬಹ್ರೇನ್ ಗೋಲು ಅಂತರ ಸೊನ್ನೆ, ಥಾಯ್ಲೆಂಡ್‌ನದು ಮೈನಸ್ 2. ಆದರೂ ಎರಡನೇ ಸ್ಥಾನ ಥಾಯ್ಲೆಂಡ್‌ಗೆ. ಬಹ್ರೇನ್ ವಿರುದ್ಧ ಅದು 1-0ಯಿಂದ ಗೆದ್ದಿತ್ತು, ಅಷ್ಟೇ ಸಾಕಾಯಿತು. ಗೋಲು ಅಂತರ ಮೊದಲು ನೋಡುವ ಟೂರ್ನಿ ಆಗಿದ್ದರೆ ಇಬ್ಬರೂ ಅದಲುಬದಲಾಗುತ್ತಿದ್ದರು.

ಹಂತ 2: ಟೇಬಲ್ ಅನ್ನು ಫಲಿತಾಂಶಗಳಿಂದಲೇ ಕಟ್ಟಿ

ಆ್ಯಪ್‌ನಲ್ಲಿ ಕಾಣುವ ಟೇಬಲ್ ಅನ್ನು ನಕಲು ಮಾಡಬೇಡಿ. ಪಂದ್ಯಗಳ ಫಲಿತಾಂಶ ಬರೆದುಕೊಂಡು ಅದರಿಂದಲೇ ಟೇಬಲ್ ಕಟ್ಟಿ. ಮುಂದಿನ ಹಂತಗಳಿಗೆ ಯಾರು ಯಾರನ್ನು ಎಷ್ಟರಲ್ಲಿ ಸೋಲಿಸಿದರು ಅನ್ನುವುದು ಬೇಕೇ ಬೇಕು, ಟೇಬಲ್‌ನಲ್ಲಿ ಅದು ಇರುವುದಿಲ್ಲ.

'ಎ' ಗುಂಪಿನ ಮೊದಲ ನಾಲ್ಕು ಪಂದ್ಯ ಹೀಗಿದ್ದವು:

ಯುಎಇ 1 - 1 ಬಹ್ರೇನ್
ಥಾಯ್ಲೆಂಡ್ 1 - 4 ಭಾರತ
ಬಹ್ರೇನ್ 0 - 1 ಥಾಯ್ಲೆಂಡ್
ಭಾರತ 0 - 2 ಯುಎಇ

ಇದರಿಂದ ಎರಡು ಸುತ್ತಿನ ನಂತರದ ಟೇಬಲ್ (ಗೋಲಿನಲ್ಲಿ ಮೊದಲು ಹೊಡೆದದ್ದು, ಆಮೇಲೆ ಬಿಟ್ಟುಕೊಟ್ಟದ್ದು):

ಯುಎಇ: 4 ಅಂಕ, ಗೋಲು 3-1
ಭಾರತ: 3 ಅಂಕ, ಗೋಲು 4-3
ಥಾಯ್ಲೆಂಡ್: 3 ಅಂಕ, ಗೋಲು 2-4
ಬಹ್ರೇನ್: 1 ಅಂಕ, ಗೋಲು 1-2

ಇಲ್ಲಿ ಎರಡು ತಾಳೆ ನೋಡಿ. ಹೊಡೆದ ಗೋಲುಗಳ ಮೊತ್ತ ಬಿಟ್ಟುಕೊಟ್ಟ ಗೋಲುಗಳ ಮೊತ್ತಕ್ಕೆ ಸರಿಯಾಗಿರಬೇಕು: 3+4+2+1 ಅಂದರೆ 10, 1+3+4+2 ಕೂಡ 10. ಇನ್ನೊಂದು ಅಂಕದ ತಾಳೆ. ಆಡಿದ ಪಂದ್ಯಗಳನ್ನು 3ರಿಂದ ಗುಣಿಸಿ, ಡ್ರಾ ಆದ ಪಂದ್ಯಗಳನ್ನು ಕಳೆಯಿರಿ. ನಾಲ್ಕು ಪಂದ್ಯ, ಒಂದು ಡ್ರಾ, ಅಂದರೆ 11. ಟೇಬಲ್‌ನಲ್ಲಿ 4+3+3+1, ಸರಿಯಾಗಿ 11. ಈ ಎರಡರಲ್ಲಿ ಒಂದು ತಪ್ಪಿದರೂ ಮುಂದೆ ಹೋಗಬೇಡಿ. ಎಲ್ಲೋ ಒಂದು ಫಲಿತಾಂಶ ತಿರುವುಮುರುವಾಗಿದೆ.

ಹಂತ 3: ಸಮ ಅಂಕದವರಿಗೆ ಚಿಕ್ಕ ಟೇಬಲ್

ಹೆಚ್ಚು ಜನ ಎಡವುವುದು ಇಲ್ಲೇ, ಹಾಗಾಗಿ ನಿಧಾನವಾಗಿ ನೋಡೋಣ. ಎರಡು ತಂಡಗಳ ಅಂಕ ಸಮವಾದರೆ ಅವರಿಬ್ಬರ ಪಂದ್ಯ ನೋಡಿದರೆ ಮುಗಿಯಿತು. ಮೂರು ತಂಡ ಸಮವಾದರೆ? ಆಗ ಆ ಮೂರು ತಂಡಗಳು ತಮ್ಮತಮ್ಮಲ್ಲಿ ಆಡಿದ ಮೂರು ಪಂದ್ಯಗಳನ್ನು ಮಾತ್ರ ಇಟ್ಟುಕೊಂಡು ಬೇರೆ ಒಂದು ಚಿಕ್ಕ ಟೇಬಲ್ ಮಾಡಬೇಕು. ನಾಲ್ಕನೇ ತಂಡದ ವಿರುದ್ಧ ಆಡಿದ ಪಂದ್ಯಗಳನ್ನು ಪೂರ್ತಿ ಹೊಡೆದುಹಾಕಿ.

ಇದಕ್ಕೆ 2004ರ ಯೂರೋದ 'ಸಿ' ಗುಂಪಿಗಿಂತ ಒಳ್ಳೆಯ ಪಾಠ ಇಲ್ಲ. ಸ್ವೀಡನ್, ಡೆನ್ಮಾರ್ಕ್, ಇಟಲಿ ಮೂರಕ್ಕೂ 5 ಅಂಕ. ಮೂರೂ ಬಲ್ಗೇರಿಯಾವನ್ನು ಸೋಲಿಸಿದ್ದವು: ಸ್ವೀಡನ್ 5-0, ಡೆನ್ಮಾರ್ಕ್ 2-0, ಇಟಲಿ 2-1. ಈಗ ಬಲ್ಗೇರಿಯಾವನ್ನು ತೆಗೆದುಬಿಡಿ. ಉಳಿಯುವುದು ಇಷ್ಟು:

ಡೆನ್ಮಾರ್ಕ್ 0 - 0 ಇಟಲಿ
ಇಟಲಿ 1 - 1 ಸ್ವೀಡನ್
ಡೆನ್ಮಾರ್ಕ್ 2 - 2 ಸ್ವೀಡನ್

ಚಿಕ್ಕ ಟೇಬಲ್‌ನಲ್ಲಿ ಮೂವರಿಗೂ 2 ಅಂಕ. ಗೋಲು ಅಂತರ ಮೂವರಿಗೂ ಸೊನ್ನೆ. ಹೊಡೆದ ಗೋಲು: ಸ್ವೀಡನ್ 3, ಡೆನ್ಮಾರ್ಕ್ 2, ಇಟಲಿ 1. ಇಟಲಿ ಹೊರಗೆ, ಒಂದೂ ಪಂದ್ಯ ಸೋಲದೆ. ಕೊನೆಯ ದಿನ ಇಟಲಿ ಬಲ್ಗೇರಿಯಾ ವಿರುದ್ಧ ಹೆಚ್ಚುವರಿ ನಿಮಿಷಗಳಲ್ಲಿ ಗೋಲು ಹೊಡೆದು ಗೆದ್ದಿತು. ಆ ಪಂದ್ಯವನ್ನು 10-0ಯಿಂದ ಗೆದ್ದಿದ್ದರೂ ಪ್ರಯೋಜನ ಇರಲಿಲ್ಲ. ಅಕ್ಕಪಕ್ಕ ನಡೆಯುತ್ತಿದ್ದ ಎರಡು ಪಂದ್ಯಗಳಲ್ಲಿ ಇಟಲಿಯ ಹಣೆಬರಹ ಬರೆದದ್ದು ಅದು ಆಡದೇ ಇದ್ದ ಪಂದ್ಯ.

ಇನ್ನೊಂದು ಸೂಕ್ಷ್ಮ ಇದೆ. ಮೂರರಲ್ಲಿ ಒಂದು ತಂಡ ಚಿಕ್ಕ ಟೇಬಲ್‌ನಲ್ಲಿ ಬೇರೆಯಾಗಿ, ಉಳಿದ ಎರಡು ಸಮವಾಗಿಯೇ ಉಳಿಯಬಹುದು. ಯೂರೋದಂಥ ಟೂರ್ನಿಯಲ್ಲಿ ಆಗ ಆ ಎರಡು ತಂಡಗಳ ನಡುವಿನ ಪಂದ್ಯವನ್ನು ಮತ್ತೆ ಮೊದಲಿನಿಂದ ನೋಡಬೇಕು. ನೇರವಾಗಿ ಒಟ್ಟು ಗೋಲು ಅಂತರಕ್ಕೆ ಹಾರಬಾರದು. ನಿಮ್ಮ ಟೂರ್ನಿಯ ನಿಯಮದಲ್ಲಿ ಈ ಸಾಲು ಇದೆಯೇ ಎಂದು ಮೊದಲೇ ನೋಡಿಟ್ಟುಕೊಳ್ಳಿ.

ನಾಲ್ಕೂ ತಂಡ ಸಮವಾದರೆ ಚಿಕ್ಕ ಟೇಬಲ್ ಮತ್ತು ದೊಡ್ಡ ಟೇಬಲ್ ಎರಡೂ ಒಂದೇ. 2024ರ ಯೂರೋದ 'ಇ' ಗುಂಪಿನಲ್ಲಿ ರೊಮೇನಿಯಾ, ಬೆಲ್ಜಿಯಂ, ಸ್ಲೊವಾಕಿಯಾ, ಉಕ್ರೇನ್ ನಾಲ್ಕಕ್ಕೂ 4 ಅಂಕ ಬಂತು. ಗೋಲು ಅಂತರ ಮೈನಸ್ 2 ಇದ್ದ ಉಕ್ರೇನ್ ಕೊನೆಯ ಸ್ಥಾನಕ್ಕೆ ಇಳಿದು ಮನೆಗೆ ಹೋಯಿತು.

ಗೋಲುಗಳಲ್ಲೂ ಬಗೆಹರಿಯದಿದ್ದರೆ ಕಾರ್ಡ್ ಲೆಕ್ಕ. 2018 ಮತ್ತು 2022ರ ವಿಶ್ವಕಪ್‌ನಲ್ಲಿ ಒಂದು ಹಳದಿಗೆ ಮೈನಸ್ 1, ಎರಡನೇ ಹಳದಿಯಿಂದ ಬಂದ ಕೆಂಪಿಗೆ ಮೈನಸ್ 3, ನೇರ ಕೆಂಪಿಗೆ ಮೈನಸ್ 4, ಹಳದಿ ಪಡೆದು ಆಮೇಲೆ ನೇರ ಕೆಂಪು ಪಡೆದರೆ ಮೈನಸ್ 5. ಇದು ಬರೀ ಪುಸ್ತಕದ ಮಾತಲ್ಲ. 2018ರಲ್ಲಿ ಜಪಾನ್ ಮತ್ತು ಸೆನೆಗಲ್ ಅಂಕ, ಗೋಲು, ಪರಸ್ಪರ ಪಂದ್ಯ ಎಲ್ಲದರಲ್ಲೂ ಸಮವಾದವು. ಜಪಾನ್‌ಗೆ 4 ಹಳದಿ, ಸೆನೆಗಲ್‌ಗೆ 6. ಜಪಾನ್ ಮುಂದಕ್ಕೆ ಹೋಯಿತು. ಆದ್ದರಿಂದ ಮೊದಲ ಪಂದ್ಯದಿಂದಲೇ ಹಾಳೆಯ ಅಂಚಿನಲ್ಲಿ ಕಾರ್ಡ್‌ಗಳನ್ನು ಗುರುತು ಹಾಕುತ್ತಾ ಹೋಗಿ. ಕೊನೆಯ ದಿನ ಹುಡುಕಲು ಪುರುಸೊತ್ತು ಇರುವುದಿಲ್ಲ.

ಹಂತ 4: ಒಂಬತ್ತು ಮನೆ ಬರೆಯಿರಿ

ಕೊನೆಯ ಸುತ್ತಿಗೆ ಎರಡು ಪಂದ್ಯ ಉಳಿದಿರುತ್ತವೆ. ಒಂದೊಂದಕ್ಕೂ ಮೂರು ಫಲಿತಾಂಶ. ಮೂರು ಮೂರಲ ಒಂಬತ್ತು ಸಾಧ್ಯತೆ, ಒಂದೊಂದಕ್ಕೂ ಹಾಳೆಯಲ್ಲಿ ಒಂದು ಮನೆ. ಅಷ್ಟನ್ನೂ ಬರೆಯಿರಿ, 'ಅದೆಲ್ಲ ಆಗೋದಿಲ್ಲ ಬಿಡಿ' ಎಂದು ಯಾವುದನ್ನೂ ಬಿಡಬೇಡಿ. ಲೆಕ್ಕ ತಪ್ಪುವವರಲ್ಲಿ ಬಹಳಷ್ಟು ಜನ ತಮ್ಮ ತಂಡದ ಪಂದ್ಯವನ್ನು ಮಾತ್ರ ನೋಡಿರುತ್ತಾರೆ.

'ಎ' ಗುಂಪಿನಲ್ಲಿ ಉಳಿದಿದ್ದು ಭಾರತ-ಬಹ್ರೇನ್ ಮತ್ತು ಯುಎಇ-ಥಾಯ್ಲೆಂಡ್. ಭಾರತದ ಕಡೆಯಿಂದ ನೋಡಿದರೆ ಒಂಬತ್ತು ಮನೆ ಹೀಗೆ ತುಂಬುತ್ತದೆ:

ಭಾರತ ಗೆದ್ದು, ಯುಎಇ ಗೆದ್ದರೆ: ಭಾರತ 2ನೇ ಸ್ಥಾನ
ಭಾರತ ಗೆದ್ದು, ಅಲ್ಲಿ ಡ್ರಾ ಆದರೆ: ಭಾರತ 1ನೇ ಸ್ಥಾನ
ಭಾರತ ಗೆದ್ದು, ಥಾಯ್ಲೆಂಡ್ ಗೆದ್ದರೆ: ಇಬ್ಬರಿಗೂ 6 ಅಂಕ, ಮುಖಾಮುಖಿಯಲ್ಲಿ ಭಾರತ ಮೇಲೆ, 1ನೇ ಸ್ಥಾನ
ಭಾರತ ಡ್ರಾ, ಯುಎಇ ಗೆದ್ದರೆ: ಭಾರತ 2ನೇ ಸ್ಥಾನ
ಭಾರತ ಡ್ರಾ, ಅಲ್ಲೂ ಡ್ರಾ: ಥಾಯ್ಲೆಂಡ್ ಜೊತೆ 4-4 ಅಂಕ, ಮುಖಾಮುಖಿಯಲ್ಲಿ ಭಾರತ ಮೇಲೆ, 2ನೇ ಸ್ಥಾನ
ಭಾರತ ಡ್ರಾ, ಥಾಯ್ಲೆಂಡ್ ಗೆದ್ದರೆ: ಯುಎಇ ಜೊತೆ 4-4 ಅಂಕ, ಮುಖಾಮುಖಿಯಲ್ಲಿ ಯುಎಇ ಮೇಲೆ, ಭಾರತ 3ನೇ ಸ್ಥಾನ
ಭಾರತ ಸೋತು, ಯುಎಇ ಗೆದ್ದರೆ: ಥಾಯ್ಲೆಂಡ್ ಜೊತೆ 3-3 ಅಂಕ, ಭಾರತ 3ನೇ ಸ್ಥಾನ
ಭಾರತ ಸೋತು, ಅಲ್ಲಿ ಡ್ರಾ ಆದರೆ: ಭಾರತ ಕೊನೆಗೆ
ಭಾರತ ಸೋತು, ಥಾಯ್ಲೆಂಡ್ ಗೆದ್ದರೆ: ಭಾರತ ಕೊನೆಗೆ

ಒಂಬತ್ತರಲ್ಲಿ ಐದು ಮನೆಗಳಲ್ಲಿ ಭಾರತ ಮೊದಲ ಎರಡರಲ್ಲಿತ್ತು. ಕೊನೆಯ ಸ್ಥಾನ ಎರಡೇ ಮನೆಗಳಲ್ಲಿ. 2019ರ ಜನವರಿ 14ರಂದು ಯುಎಇ-ಥಾಯ್ಲೆಂಡ್ 1-1 ಡ್ರಾ ಆಯಿತು. ಭಾರತ-ಬಹ್ರೇನ್ 90 ನಿಮಿಷ 0-0 ಇತ್ತು, ಅಂದರೆ ಐದನೇ ಸಾಲು, ಎರಡನೇ ಸ್ಥಾನ. 91ನೇ ನಿಮಿಷದಲ್ಲಿ ಬಹ್ರೇನ್‌ಗೆ ಪೆನಾಲ್ಟಿ ಸಿಕ್ಕಿತು, ಗೋಲಾಯಿತು. ಐದನೇ ಸಾಲಿನಿಂದ ಎಂಟನೇ ಸಾಲಿಗೆ. ಎರಡರಿಂದ ಮೂರಕ್ಕೂ ಅಲ್ಲ, ನೇರ ನಾಲ್ಕಕ್ಕೆ. ಆ ಸಂಜೆ ಇವತ್ತಿಗೂ ನೋವು ಕೊಡುತ್ತದೆ. ಆದರೆ ಒಂಬತ್ತು ಮನೆ ಬರೆದುಕೊಂಡಿದ್ದವರಿಗೆ ಒಂದು ಗೋಲಿನಲ್ಲಿ ಇಷ್ಟು ಆಳಕ್ಕೆ ಬೀಳಬಹುದು ಅನ್ನುವುದು ಪಂದ್ಯಕ್ಕೆ ಮುಂಚೆಯೇ ಗೊತ್ತಿತ್ತು.

ಕೆಲವು ಮನೆಗಳಲ್ಲಿ ಉತ್ತರ ಗೋಲಿನ ಸಂಖ್ಯೆಯ ಮೇಲೆ ನಿಲ್ಲುತ್ತದೆ. ಅಲ್ಲಿ 'ಎಷ್ಟು ಗೋಲಿನಿಂದ' ಎಂದೂ ಬರೆಯಿರಿ. 2022ರ ವಿಶ್ವಕಪ್‌ನಲ್ಲಿ ಉರುಗ್ವೆ ವಿರಾಮಕ್ಕೂ ಮುಂಚೆಯೇ ಘಾನಾ ವಿರುದ್ಧ 2-0 ಮುಂದಿತ್ತು, ಅಷ್ಟು ಸಾಕು ಅನ್ನುವಂತಿತ್ತು. ಇನ್ನೊಂದು ಮೈದಾನದಲ್ಲಿ ದಕ್ಷಿಣ ಕೊರಿಯಾ ಹೆಚ್ಚುವರಿ ನಿಮಿಷಗಳಲ್ಲಿ ಪೋರ್ಚುಗಲ್ ವಿರುದ್ಧ 2-1 ಮಾಡಿತು. ಇಬ್ಬರಿಗೂ 4 ಅಂಕ, ಇಬ್ಬರ ಗೋಲು ಅಂತರವೂ ಸೊನ್ನೆ. ಕೊರಿಯಾ ಹೊಡೆದದ್ದು 4, ಉರುಗ್ವೆ ಹೊಡೆದದ್ದು 2. ಉರುಗ್ವೆಗೆ ಇನ್ನೊಂದೇ ಗೋಲು ಬೇಕಿತ್ತು. ಅದು ಬರಲಿಲ್ಲ.

ಹಂತ 5: 'ಖಚಿತ' ಎನ್ನುವ ಮುಂಚೆ

ಎರಡು ಪಂದ್ಯ ಗೆದ್ದು 6 ಅಂಕ ಆದರೆ ತಂಡ ಪಾಸಾದಂತೆ ಎಂದು ಎಲ್ಲರೂ ಹೇಳುತ್ತಾರೆ. ಬಹುತೇಕ ಸಲ ನಿಜ, ಯಾವಾಗಲೂ ಅಲ್ಲ. ಬೇರೆ ಎರಡು ತಂಡಗಳಿಗೆ ತಲಾ 3 ಅಂಕ ಇದ್ದು, ಕೊನೆಯ ಸುತ್ತಿನಲ್ಲಿ ಇಬ್ಬರೂ ಗೆಲ್ಲಲು ಸಾಧ್ಯವಿದ್ದರೆ ಮೂವರೂ 6ಕ್ಕೆ ಬಂದು ನಿಲ್ಲಬಹುದು.

1994ರ ವಿಶ್ವಕಪ್‌ನಲ್ಲಿ ಹೀಗೇ ಆಯಿತು. ಅರ್ಜೆಂಟೀನಾ ಮೊದಲು ಗ್ರೀಸ್ ಅನ್ನು 4-0, ಆಮೇಲೆ ನೈಜೀರಿಯಾವನ್ನು 2-1ರಿಂದ ಸೋಲಿಸಿತು. ಕೊನೆಯಲ್ಲಿ ಬಲ್ಗೇರಿಯಾ ವಿರುದ್ಧ 0-2 ಸೋತಿತು. ನೈಜೀರಿಯಾ, ಬಲ್ಗೇರಿಯಾ, ಅರ್ಜೆಂಟೀನಾ ಮೂರಕ್ಕೂ 6 ಅಂಕ, ಅರ್ಜೆಂಟೀನಾ ಮೂರನೇ ಸ್ಥಾನಕ್ಕೆ. ಆ ಸಲ ಮೂರನೇ ತಂಡಗಳಿಗೂ ಅವಕಾಶ ಇತ್ತು, ಹಾಗಾಗಿ ಉಳಿದುಕೊಂಡಿತು. ಮೊದಲ ಎರಡು ತಂಡಗಳು ಮಾತ್ರ ಹೋಗುವ ಟೂರ್ನಿಯಾಗಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು.

ಒಂಬತ್ತು ಮನೆಯಲ್ಲೂ ತಂಡ ಮುಂದಕ್ಕೆ ಹೋಗುತ್ತಿದ್ದರೆ ಮಾತ್ರ 'ಖಚಿತ' ಎಂದು ಬರೆಯಿರಿ. ಎಂಟರಲ್ಲಿ ಹೋಗುತ್ತಿದ್ದರೆ ಅದು 'ಬಹುತೇಕ'. ಎರಡೂ ಒಂದೇ ಅಲ್ಲ.

ಹಂತ 6: ಕೊನೆಯ ದಿನದ ಲೈವ್ ಲೆಕ್ಕ

ಗುಂಪಿನ ಕೊನೆಯ ಎರಡು ಪಂದ್ಯ ಒಂದೇ ಹೊತ್ತಿಗೆ ಶುರುವಾಗುತ್ತವೆ. ಒಂದನ್ನು ಟಿವಿಯಲ್ಲಿ ನೋಡಿ, ಇನ್ನೊಂದರ ಸ್ಕೋರ್ ಫೋನಿನಲ್ಲಿ ಇಟ್ಟುಕೊಳ್ಳಿ. ಗೋಲು ಎಲ್ಲೇ ಬೀಳಲಿ, ಒಂಬತ್ತು ಮನೆಯಲ್ಲಿ ಈಗ ಯಾವ ಸಾಲಿನಲ್ಲಿದ್ದೀರಿ ಎಂದು ಬೆರಳಿಟ್ಟು ನೋಡಿ. ಹೊಸದಾಗಿ ಲೆಕ್ಕ ಹಾಕಲು ಹೋಗಬೇಡಿ, ಅಷ್ಟರಲ್ಲಿ ಮುಂದಿನ ಗೋಲು ಬಿದ್ದಿರುತ್ತದೆ.

2022ರ ಡಿಸೆಂಬರ್ 1ರಂದು ವಿಶ್ವಕಪ್‌ನ 'ಇ' ಗುಂಪಿನಲ್ಲಿ ಜಪಾನ್ ಸ್ಪೇನ್ ವಿರುದ್ಧ 2-1 ಮುಂದಿತ್ತು. 70ನೇ ನಿಮಿಷದಲ್ಲಿ ಕೋಸ್ಟರಿಕಾ ಜರ್ಮನಿ ವಿರುದ್ಧ 2-1 ಮಾಡಿತು. ಆ ಕ್ಷಣದ ಟೇಬಲ್: ಜಪಾನ್ 6, ಕೋಸ್ಟರಿಕಾ 6, ಸ್ಪೇನ್ 4, ಜರ್ಮನಿ 1. ಸ್ಪೇನ್, ಜರ್ಮನಿ ಎರಡೂ ಹೊರಗೆ! ಮೂರು ನಿಮಿಷದಲ್ಲಿ ಜರ್ಮನಿ ಸಮ ಮಾಡಿತು, ಸ್ಪೇನ್ ಉಳಿಯಿತು. ಜರ್ಮನಿ 4-2ರಿಂದ ಗೆದ್ದರೂ ಉಳಿಯಲಿಲ್ಲ. ಸ್ಪೇನ್‌ಗೂ ಅದಕ್ಕೂ 4 ಅಂಕ, ಆದರೆ ಕೋಸ್ಟರಿಕಾವನ್ನು 7-0 ಸೋಲಿಸಿದ್ದ ಸ್ಪೇನ್‌ನ ಗೋಲು ಅಂತರ ಪ್ಲಸ್ 6, ಜರ್ಮನಿಯದು ಪ್ಲಸ್ 1.

ಒಂದು ಮಾತು. ವಿಎಆರ್ (ವಿಡಿಯೊ ನೋಡಿ ತೀರ್ಪು ಪರಿಶೀಲಿಸುವ ವ್ಯವಸ್ಥೆ) ನೋಡುತ್ತಿರುವಾಗ ಬರೆದದ್ದನ್ನು ಅಳಿಸಬೇಡಿ. ಗೋಲು ನಿಂತಿತು ಎಂದ ಮೇಲೆ ಸಾಲು ಬದಲಿಸಿ.

ದಾರಿ ತಪ್ಪಿದ ಸೂಚನೆಗಳು

ನಾಲ್ಕೂ ತಂಡಗಳ ಗೋಲು ಅಂತರ ಕೂಡಿದರೆ ಸೊನ್ನೆ ಬರುತ್ತಿಲ್ಲ. ಎಲ್ಲೋ ಗೋಲು ಬಿಟ್ಟುಹೋಗಿದೆ.

ಆರೂ ಪಂದ್ಯ ಮುಗಿದ ಮೇಲೆ ಗುಂಪಿನ ಒಟ್ಟು ಅಂಕ 12ಕ್ಕಿಂತ ಕಡಿಮೆ ಅಥವಾ 18ಕ್ಕಿಂತ ಜಾಸ್ತಿ ಬಂದಿದೆ. ಅದು ಸಾಧ್ಯವೇ ಇಲ್ಲ.

ನಿಮ್ಮ ಚಿಕ್ಕ ಟೇಬಲ್‌ನಲ್ಲಿ ಮೂರು ತಂಡಗಳಿಗೆ ಮೂರಕ್ಕಿಂತ ಹೆಚ್ಚು ಪಂದ್ಯ ಇವೆ. ನಾಲ್ಕನೇ ತಂಡದ ಪಂದ್ಯ ಒಳಗೆ ನುಸುಳಿದೆ.

ನಿಮ್ಮ ಟೇಬಲ್‌ಗೂ ಆ್ಯಪ್‌ಗೂ ತಾಳೆ ಆಗುತ್ತಿಲ್ಲ. ಆಗ ಆ್ಯಪೇ ಸರಿ ಎಂದುಕೊಳ್ಳಬೇಡಿ. ಮೊದಲು ಅಧಿಕೃತ ನಿಯಮ ಮತ್ತೊಮ್ಮೆ ಓದಿ. ಪಂದ್ಯಗಳು ಬಾಕಿ ಇರುವಾಗ ಸಮ ಅಂಕದ ತಂಡಗಳನ್ನು ಸುಮ್ನೆ ಗೋಲು ಅಂತರದ ಮೇಲೆ ಜೋಡಿಸಿ ತೋರಿಸುವುದು ಉಂಟು.

ಹಂತ 7: ಮೂರನೇ ಸ್ಥಾನದ ಲೆಕ್ಕ ಬೇರೆ ಹಾಳೆಯಲ್ಲಿ

24 ತಂಡಗಳ ಯೂರೋ ಮತ್ತು ಏಷ್ಯನ್ ಕಪ್‌ನಲ್ಲಿ ಆರು ಗುಂಪುಗಳಿಂದ ಮೂರನೇ ಸ್ಥಾನದ ನಾಲ್ಕು ತಂಡ ಮುಂದಕ್ಕೆ ಹೋಗುತ್ತವೆ. 48 ತಂಡಗಳ 2026ರ ವಿಶ್ವಕಪ್‌ನಲ್ಲಿ ಹನ್ನೆರಡರಲ್ಲಿ ಎಂಟು. ಇಲ್ಲಿ ಮುಖಾಮುಖಿ ಅನ್ನುವ ಮಾತೇ ಇಲ್ಲ, ಯಾಕಂದರೆ ಈ ತಂಡಗಳು ಪರಸ್ಪರ ಆಡಿಯೇ ಇಲ್ಲ. ಅಂಕ, ಒಟ್ಟು ಗೋಲು ಅಂತರ, ಹೊಡೆದ ಗೋಲು, ಆಮೇಲೆ ಕಾರ್ಡ್ (2020 ಮತ್ತು 2024ರ ಯೂರೋಗಳಲ್ಲಿ ಕಾರ್ಡ್‌ಗೂ ಮುಂಚೆ ಗೆದ್ದ ಪಂದ್ಯಗಳ ಸಂಖ್ಯೆ). ಗುಂಪಿನೊಳಗೆ ಒಂದು ಕ್ರಮ, ಗುಂಪುಗಳ ನಡುವೆ ಇನ್ನೊಂದು. ಒಂದೇ ಹಾಳೆಯಲ್ಲಿ ಎರಡನ್ನೂ ಹಾಕಿದರೆ ಖಂಡಿತ ಕಲಸಿಹೋಗುತ್ತದೆ.

4 ಅಂಕ ಇದ್ದರೆ ಹೆಚ್ಚುಕಡಿಮೆ ನೆಮ್ಮದಿ. 2016, 2020, 2024 ಹೆಸರಿನ ಮೂರು ಯೂರೋಗಳಲ್ಲಿ 4 ಅಂಕದ ಮೂರನೇ ತಂಡ ಒಂದೂ ಹೊರಬಿದ್ದಿಲ್ಲ. 3 ಅಂಕದಲ್ಲೇ ಕಷ್ಟ ಶುರು. 2016ರಲ್ಲಿ ಮೂರೂ ಪಂದ್ಯ ಡ್ರಾ ಮಾಡಿಕೊಂಡು 3 ಅಂಕ, ಗೋಲು ಅಂತರ ಸೊನ್ನೆ ಇದ್ದ ಪೋರ್ಚುಗಲ್ ಮುಂದೆ ಹೋಗಿ ಕಪ್ಪನ್ನೇ ಗೆದ್ದಿತು. ಅದೇ 3 ಅಂಕ ಇದ್ದ ಅಲ್ಬೇನಿಯಾ ಮತ್ತು ಟರ್ಕಿ ಮೈನಸ್ 2ರಿಂದಾಗಿ ಹೊರಬಿದ್ದವು. ಹಾಗಾಗಿ ಸೋಲುವ ಪಂದ್ಯದಲ್ಲೂ ಎಷ್ಟರಿಂದ ಸೋತರು ಎಂದು ಗಮನಿಸಿ. 0-1 ಮತ್ತು 0-3ರ ನಡುವಿನ ಎರಡು ಗೋಲು ಇಲ್ಲಿ ವಾಪಸ್ ಬಂದು ಕಾಡುತ್ತವೆ.

ಕಾರ್ಡ್ ಗುರುತು ಇಲ್ಲೂ ಬೇಕಾಗುತ್ತದೆ. 2019ರ ಏಷ್ಯನ್ ಕಪ್‌ನಲ್ಲಿ ವಿಯೆಟ್ನಾಂ ಮತ್ತು ಲೆಬನಾನ್ ಎರಡಕ್ಕೂ 3 ಅಂಕ, ಎರಡರ ಗೋಲೂ 4-5. ಹಳದಿ ಕಾರ್ಡ್ ಕಡಿಮೆ ಇದ್ದ ವಿಯೆಟ್ನಾಂ ಕೊನೆಯ ಜಾಗ ಹಿಡಿಯಿತು.

ಎಲ್ಲ ಗುಂಪುಗಳೂ ಮುಗಿಯುವವರೆಗೆ ಈ ಹಾಳೆಯಲ್ಲಿ ಯಾರ ಹೆಸರಿನ ಮುಂದೆಯೂ ಟಿಕ್ ಹಾಕಬೇಡಿ. ಮೊದಲು ಮುಗಿದ ಗುಂಪಿನ ಮೂರನೇ ತಂಡ ದಿನಗಟ್ಟಲೆ ಕಾಯಬೇಕಾಗಬಹುದು. ಆಟ ಇನ್ನೂ ಬಾಕಿ ಇರುವ ಗುಂಪುಗಳ ಮೂರನೇ ಸ್ಥಾನಕ್ಕೆ ಗರಿಷ್ಠ ಎಷ್ಟು ಅಂಕ ಬರಬಹುದು ಎಂದು ಮಾತ್ರ ಪೆನ್ಸಿಲ್‌ನಲ್ಲಿ ಬರೆದಿಡಿ.

ಇನ್ನು ಸೋತವರು ಹೊರಬೀಳುವ ನಾಕೌಟ್ ಹಂತದಲ್ಲಿ ಈ ಮೂರನೇ ತಂಡಗಳಿಗೆ ಎದುರಾಳಿ ಯಾರು ಅನ್ನುವುದನ್ನು ನೀವು ಊಹಿಸುವ ಅಗತ್ಯವಿಲ್ಲ. ಯಾವ ಯಾವ ಗುಂಪಿನವರು ಬಂದಿದ್ದಾರೆ ಅನ್ನುವುದರ ಮೇಲೆ ಜೋಡಿಗಳು ಮೊದಲೇ ನಿಗದಿಯಾಗಿರುತ್ತವೆ. ಆರರಲ್ಲಿ ನಾಲ್ಕು ಬರುವ ಟೂರ್ನಿಗೆ 15 ಸಾಲು, ಹನ್ನೆರಡರಲ್ಲಿ ಎಂಟು ಬರುವ ವಿಶ್ವಕಪ್‌ಗೆ 495 ಸಾಲು. ನಿಯಮಾವಳಿಯ ಕೊನೆಯಲ್ಲಿ ಆ ಪಟ್ಟಿ ಇರುತ್ತದೆ. ಬಂದ ಗುಂಪುಗಳ ಅಕ್ಷರಗಳನ್ನು ಕ್ರಮವಾಗಿ ಬರೆದುಕೊಂಡು ಅದೇ ಅಕ್ಷರಗಳಿರುವ ಸಾಲು ಹುಡುಕಿ, ಅಲ್ಲಿರುವ ಜೋಡಿಗಳನ್ನು ನಿಮ್ಮ ನಾಕೌಟ್ ಪಟ್ಟಿಗೆ ಇಳಿಸಿಕೊಳ್ಳಿ.